ಟ್ಯಾಂಕರಿಗೆ ಕಟ್ಟಿದ ವಿಮಾನ

ಚೋರನೂರಿನಾಚೆ, ಮುಚ್ಚಿಹೋದ ಗಣಿಯೊಂದರವರು ಹಿಂದೆ ಹಾಕಿಸಿದ್ದ ರನ್‌ವೇ ಇದೆ. ಅದರ ಅಂಚಿಗೆ ಒಂದು ತಗಡಿನ ಶೆಡ್ಡು. ಶೆಡ್ಡಿನೊಳಗೆ ಒಂದೇ ವಿಮಾನ, ಎರಡು ಸೀಟಿನದು. ಮುಂದೆ ಎರಡು ದೊಡ್ಡ ಗಾಲಿ, ಬಾಲದಡಿ ಅಂಗೈಯಗಲದ ಒಂದು ಗಾಲಿ. ನೆಲದ ಮೇಲಿರುವಾಗ ಅದು ಮೂತಿ ಮೇಲೆತ್ತಿ, ಬಾಲ ಊರಿಕೊಂಡು ಕೂತಿರುತ್ತಿತ್ತು. ಕಾವಲುಗಾರ ಪಾಲಪ್ಪ ಅದನ್ನು ಕಪ್ಪೆ ಎಂದೇ ಕರೆಯುತ್ತಿದ್ದ. "ನಾಕು ವರ್ಷ ಆತು, ಈ ಕಪ್ಪಿ ಒಮ್ಮೆ ನೆಟ್ಟಗ ಜಿಗದಿಲ್ಲ" ಎನ್ನುತ್ತಿದ್ದ.

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಕೊಟ್ರಯ್ಯ, ಹಂಪಿ ನೋಡಲು ಬಂದವರನ್ನು ಮೇಲೆ ಹಾರಿಸಿ ಗೋಪುರ ತೋರಿಸುತ್ತೇನೆಂದು ಅದನ್ನು ಕೊಂಡಿದ್ದ. ಪರವಾನಗಿ ಬರಲಿಲ್ಲ. ಈಗ ಮಾರಿ ಕೈತೊಳೆದುಕೊಳ್ಳಲು ನೋಡುತ್ತಿದ್ದ. ನಾಸಿಕದಿಂದ ಒಬ್ಬ ಗಿರಾಕಿ ಬಂದು, ಎಂಜಿನ್ ಹಚ್ಚಿಸಿ, ಮುಂದಿನ ಫಲಕದ ಮೇಲೆ ಅಂಗೈ ಇಟ್ಟು ನೋಡಿದ. ವಿಮಾನ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. "ಈ ನಡುಕ ನಿಲ್ಲಿಸಿ. ಭಾನುವಾರ ಬರುತ್ತೇನೆ" ಎಂದು ಹೇಳಿ ಹೋದ. ಅವನು ಹೇಳಿದ್ದು ಗುರುವಾರ.

ನಡುಕ ನಿಲ್ಲಿಸುವ ಕೆಲಸ ದುರ್ಗಾಳ ಪಾಲಿಗೆ ಬಂತು.

ದುರ್ಗಾ ಹೊಸಪೇಟೆಯ ಚಿತ್ತವಾಡ್ಗಿಯವಳು. ಇಪ್ಪತ್ತೆಂಟು ವರ್ಷ. ವಿಮಾನ ರಿಪೇರಿಯ ಕೋರ್ಸು ಮುಗಿಸಿ, ಲಿಖಿತ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ಆದರೆ ಲೈಸೆನ್ಸು ಸಿಗಬೇಕಾದರೆ ಅನುಭವದ ಪುಸ್ತಕ ತುಂಬಬೇಕು. ಮಾಡಿದ ಒಂದೊಂದು ಕೆಲಸವನ್ನೂ ಬರೆದು, ಪ್ರತಿ ಪುಟಕ್ಕೂ ಲೈಸೆನ್ಸಿರುವ ಎಂಜಿನಿಯರನ ಸಹಿ ಹಾಕಿಸಬೇಕು. ಅವಳ ಪುಸ್ತಕದಲ್ಲಿ ನಾಲ್ಕು ವರ್ಷದ ಕೆಲಸ ಇತ್ತು, ಒಂದು ಸಹಿಯೂ ಇರಲಿಲ್ಲ. ಮೊದಲಿದ್ದ ಎಂಜಿನಿಯರ್ ನಾಳೆ ನಾಳೆ ಎಂದು ದಿನ ನೂಕಿ ಕೊನೆಗೆ ಹೇಳದೆ ಹೋಗಿಬಿಟ್ಟಿದ್ದ. ಈಗಿನವನು ಮನೋಹರ್. ಐವತ್ತೈದರ ಆಸುಪಾಸು, ಸಿಡುಕ, ಕೆಲಸ ಬಲ್ಲವನು. ಅವನು ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದ.

"ಒಂದು ಕೆಲಸ ಮೊದಲಿನಿಂದ ಕಡೀ ತನಕ ನೀನಽ ಮಾಡಿ ತೋರ್ಸು. ಅವತ್ತ ಎಲ್ಲಾ ಪುಟಕ್ಕೂ ಒಮ್ಮೆಲೇ ಸೈನ್ ಹಾಕ್ತೀನಿ."

ಗುರುವಾರ ಸಂಜೆ ಅವನು ಹೇಳಿದ: "ಇದಽ ಆ ಕೆಲಸ. ವಿಮಾನ ಮಾರಿ ಹೋದಮ್ಯಾಲೆ ನಾನೂ ಇಲ್ಲಿರಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ವಿಮಾನ ಹೋದರೆ ಮನೋಹರ್ ಹೋಗುತ್ತಾನೆ, ಮನೋಹರ್ ಹೋದರೆ ನಾಲ್ಕು ವರ್ಷ ಹೋಗುತ್ತದೆ. ಸಹಿ ಬೀಳುವುದಿದ್ದರೆ ಈ ಎರಡು ದಿನದೊಳಗೆ ಬೀಳಬೇಕು.

ಕೆಲಸ ಕೇಳುವುದಕ್ಕೆ ಸುಲಭ. ಪ್ರೊಪೆಲ್ಲರಿನ ಎರಡು ಎಲೆಗಳಲ್ಲಿ ಯಾವುದೋ ಒಂದು ಕಡೆ ಕೂದಲೆಳೆಯಷ್ಟು ಭಾರ ಹೆಚ್ಚು, ಅದಕ್ಕೇ ನಡುಕ. ಎಂಜಿನ್ನಿನ ಮೇಲೆ ನಡುಕ ಅಳೆಯುವ ಗುಂಡಿ ಕೂರಿಸಿ, ಒಂದು ಎಲೆಗೆ ಹೊಳೆಯುವ ಪಟ್ಟಿ ಅಂಟಿಸಿ, ಎಂಜಿನ್ ಜೋರಾಗಿ ಓಡಿಸಬೇಕು. ಯಂತ್ರ ಒಂದು ಅಂಕಿ ತೋರಿಸುತ್ತದೆ. ಎಂಜಿನ್ ನಿಲ್ಲಿಸಿ, ಭಾರ ಕಡಿಮೆಯಿದ್ದ ಕಡೆ ಒಂದೆರಡು ವಾಷರ್ ಬಿಗಿದು, ಮತ್ತೆ ಓಡಿಸಬೇಕು. ಅಂಕಿ ಪಾಯಿಂಟ್ ಒಂದಕ್ಕಿಂತ ಕೆಳಗೆ ಇಳಿಯುವ ತನಕ ಹೀಗೇ.

ಕಷ್ಟವಿದ್ದದ್ದು ವಿಮಾನವನ್ನು ನಿಂತಲ್ಲೇ ನಿಲ್ಲಿಸುವುದರಲ್ಲಿ. ಪ್ರೊಪೆಲ್ಲರ್ ಪೂರ್ತಿ ಓಡುವಾಗ ವಿಮಾನ ಮುಂದೆ ನುಗ್ಗಲು ನೋಡುತ್ತದೆ. ಗಾಲಿಗೆ ಅಡ್ಡ ಕೊಟ್ಟು ತಡೆದರೆ ಆ ಬಲ ಸುಮ್ಮನಾಗುವುದಿಲ್ಲ, ಬಾಲವನ್ನು ಮೇಲೆತ್ತುತ್ತದೆ. ಬಾಲ ಎದ್ದರೆ ಮೂತಿ ಬೀಳುತ್ತದೆ. ಮೂತಿ ಬಿದ್ದರೆ ಪ್ರೊಪೆಲ್ಲರ್ ನೆಲ ಹೊಡೆಯುತ್ತದೆ. ಅಲ್ಲಿಗೆ ಪ್ರೊಪೆಲ್ಲರೂ ಮುಗಿಯಿತು, ಎಂಜಿನ್ನೂ ಮುಗಿಯಿತು. ಹಾಗಾಗಿ ಬಾಲ ಕಟ್ಟುವುದೇ ಮುಖ್ಯ.

ಹಿಂದೆ ಶೆಡ್ಡಿನ ಮುಂದಿನ ಕಾಂಕ್ರೀಟಿನಲ್ಲಿ ಅದಕ್ಕೆಂದೇ ಕಬ್ಬಿಣದ ಬಳೆಗಳಿದ್ದವು. ಗಣಿ ಮುಚ್ಚಿದ ವರ್ಷ ಗುಜರಿಯವರು ಅವನ್ನು ಬುಡಸಮೇತ ಕೊಯ್ದುಕೊಂಡು ಹೋಗಿದ್ದರು.

"ಹೊಸದಾಗಿ ಗುಂಡಿ ತೋಡಿ ಬಳೆ ಕೂರ್ಸೋಣ್ರಿ ಸರ" ಎಂದಳು ದುರ್ಗಾ.

"ಕಾಂಕ್ರೀಟ್ ಗಟ್ಟಿಯಾಗಾಕ ಎಷ್ಟು ದಿನ ಬೇಕು?"

"ಒಂದು ವಾರ. ಹೆಚ್ಚಾದ್ರ ಇನ್ನೂ ಚೊಲೊ."

"ಗಿರಾಕಿ ಭಾನುವಾರ ಬರ್ತಾನ. ಬಂದವಗ ಗುಂಡಿ ತೋರಿಸ್ತೀಯೇನು?"

ಪಾಲಪ್ಪ ಬೀಡಿ ಆರಿಸಿ ಬಾಯಿ ಹಾಕಿದ. ಅವನು ಇಪ್ಪತ್ತು ವರ್ಷ ಗಣಿಯಲ್ಲಿ ದುಡಿದವನು. "ನೀರಿನ ಟ್ಯಾಂಕರ್ ತರಸ್ರಿ ಸರ. ಐದು ಸಾವಿರ ಲೀಟರಿಂದು. ನಾವು ಗಣಿಯಾಗ ಕಂಪ್ರೆಸರ್ ಕಟ್ಟಾಕ ಹಂಗಽ ಮಾಡ್ತಿದ್ವಿ. ಈ ಕಪ್ಪಿ ಅಲ್ಲ, ಇದರಪ್ಪ ಬಂದ್ರೂ ಎಳಿಯಾಕ ಆಗಂಗಿಲ್ಲ."

ದುರ್ಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದು ಸಾವಿರ ಲೀಟರು ಎಂದರೆ ಐದು ಟನ್ನು. ವಿಮಾನ ಮುಕ್ಕಾಲು ಟನ್ನೂ ಇಲ್ಲ. ಲೆಕ್ಕ ಸರಿಯಿತ್ತು.

ಶನಿವಾರ ಬೆಳಿಗ್ಗೆ ಟ್ರಾಕ್ಟರು ಟ್ಯಾಂಕರನ್ನು ತಂದು, ಬಿಟ್ಟು, ಹೊಲಕ್ಕೆ ಹೊರಟುಹೋಯಿತು. ಎರಡೇ ಗಾಲಿಯ ಟ್ಯಾಂಕರು, ಹಿಂದೆ ನಲ್ಲಿ, ಮುಂದೆ ಟ್ರಾಕ್ಟರಿಗೆ ಸಿಕ್ಕಿಸುವ ಕೊಂಡಿ. ಪಾಲಪ್ಪ ಆ ಕೊಂಡಿಯ ಕೆಳಗೆ ಎರಡು ಅದಿರುಗಲ್ಲು ಒಂದರ ಮೇಲೊಂದು ಪೇರಿಸಿ ಟ್ಯಾಂಕರಿನ ಮುಂಭಾಗ ಎತ್ತರಿಸಿದ. ಆ ಕಡೆಯ ಊರುಗಳಲ್ಲಿ ಟ್ಯಾಂಕರು ಎಲ್ಲಿ ನಿಂತರೂ ಹಾಗೇ ನಿಲ್ಲುತ್ತದೆ. ಮುಂದೆ ಎತ್ತರವಿದ್ದರೆ ನೀರೆಲ್ಲ ಹಿಂದೆ ಸರಿದು, ಕೊನೆಯ ಹನಿಯ ತನಕ ನಲ್ಲಿಗೆ ಬರುತ್ತದೆ.

ಗಾಳಿ ಪಡುವಣದಿಂದ ಬೀಸುತ್ತಿತ್ತು. ದುರ್ಗಾ ವಿಮಾನದ ಮೂತಿಯನ್ನು ಗಾಳಿಗೆದುರಾಗಿ ತಿರುಗಿಸಿದಳು. ಪ್ರೊಪೆಲ್ಲರಿನ ಕೆಳಗಿನ ನೆಲವನ್ನು ಪಾಲಪ್ಪನೂ ಅವನ ಹೆಂಡತಿ ಜಂಬವ್ವನೂ ಎರಡೆರಡು ಸಲ ಗುಡಿಸಿದರು. ಒಂದು ಹರಳಿದ್ದರೂ ಎಲೆಗೆ ಬಡಿದು ಗುಂಡಿನ ಹಾಗೆ ಹಾರುತ್ತದೆ. ಎರಡೂ ಗಾಲಿಗೆ ಹಿಂದೆ ಮುಂದೆ ಮರದ ಅಡ್ಡ ಕೊಟ್ಟದ್ದಾಯಿತು. ಹಗ್ಗವನ್ನು ಬಾಲದ ಚಿಕ್ಕ ಗಾಲಿಗೆ ಬಿಗಿಯಲು ಹೋದ ಪಾಲಪ್ಪನನ್ನು ಅವಳು ತಡೆದಳು.

"ಅದಕ್ಕಲ್ಲಜ್ಜಾ. ಅದು ಕಿತ್ತು ಬರ್ತೈತಿ. ಮೈಗೆ ಒಂದು ಬಳಿ ಐತಿ ನೋಡು, ಅದಕ್ಕ ಕಟ್ಟು."

"ಎತ್ತಿನ ಬಾಲಕ್ಕ ಕಟ್ಟಬಾರದು, ಕೊರಳಿಗೆ ಕಟ್ಟಬೇಕು ಅಂತಿ."

"ಹಂಗಽ."

ಹಗ್ಗದ ಇನ್ನೊಂದು ತುದಿಯನ್ನು ಟ್ಯಾಂಕರಿನ ಕೊಂಡಿಗೆ ಬಿಗಿದರು. ದುರ್ಗಾ ಒಂದು ರಟ್ಟಿನ ಮೇಲೆ ಪಟ್ಟಿ ಬರೆದಿದ್ದಳು: ಹಗ್ಗ, ಗಂಟು, ಗಾಲಿಯ ಅಡ್ಡ, ಗಾಳಿಯ ದಿಕ್ಕು, ನೆಲ, ಬ್ರೇಕು. ಪ್ರತಿ ಸಲ ಎಂಜಿನ್ ಹಚ್ಚುವ ಮುಂಚೆ ಒಂದೊಂದನ್ನೂ ಮುಟ್ಟಿ ನೋಡಿ ಕೆಳಗೆ ಸಹಿ ಹಾಕಬೇಕು. ಪಟ್ಟಿಯ ತಲೆಯಲ್ಲಿ "ಟ್ಯಾಂಕರ್ ತುಂಬಿದೆ" ಎಂದು ಒಂದು ಸಲ ಬರೆದು ಗೆರೆ ಎಳೆದಳು. ಮನೋಹರ್ ಓದಿ ತಲೆಯಾಡಿಸಿದ. ಅವನು ತಲೆಯಾಡಿಸುವುದೇ ಅಪರೂಪ.

ಮೊದಲ ಓಟಕ್ಕೆ ಅಂಕಿ ಪಾಯಿಂಟ್ ಆರು ಬಂತು. ಮನೋಹರ್ ಒಳಗೆ ಕೂತು, ವಿಮಾನ ನಡೆಸುವ ಕೋಲನ್ನು ಹೊಟ್ಟೆಯ ಕಡೆ ಪೂರ್ತಿ ಎಳೆದು ಹಿಡಿದಿದ್ದ. ಹಾಗೆ ಹಿಡಿದಿದ್ದರೆ ಪ್ರೊಪೆಲ್ಲರಿನ ಗಾಳಿಯೇ ಬಾಲವನ್ನು ಕೆಳಕ್ಕೆ ಒತ್ತುತ್ತದೆ. ದುರ್ಗಾ ಎಡರೆಕ್ಕೆಯ ತುದಿಯಿಂದ ದೂರ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಅವನಿಗೆ ಕಾಣುವ ಹಾಗೆ ನಿಂತಿದ್ದಳು. ಹಗ್ಗ ಬಿಗಿಯಾಗಿ ಗುಂಯ್ ಎಂದಿತು. ಟ್ಯಾಂಕರು ಅಲ್ಲಾಡಲಿಲ್ಲ. ಎಂಜಿನ್ ನಿಂತಮೇಲೆ ಪಾಲಪ್ಪ "ನಾ ಹೇಳಲಿಲ್ಲೇನು!" ಎಂದು ಟ್ಯಾಂಕರಿಗೆ ಎಮ್ಮೆಗೆ ಹೊಡೆದ ಹಾಗೆ ಒಂದು ಏಟು ಕೊಟ್ಟ.

ದುರ್ಗಾ ನಾಲ್ಕು ವಾಷರು ಹಾಕಿದಳು. ಎರಡನೇ ಓಟಕ್ಕೆ ಪಾಯಿಂಟ್ ನಾಲ್ಕು. ಎಂಜಿನ್ ಕಾದಿತ್ತು, ಮುಕ್ಕಾಲು ತಾಸು ಆರಲು ಬಿಡಬೇಕು. ಆಗ ಜಂಬವ್ವ ಕೊಡ ಹಿಡಿದು ಬಂದಳು.

"ಯವ್ವಾ ದುರ್ಗಾ, ಎರಡು ಕೊಡ ತಗೊಳ್ಳೇನು? ನಮ್ಮ ನಳಕ್ಕ ನೀರು ಬಂದು ಎಂಟು ದಿನ ಆತು."

ದುರ್ಗಾ ನಕ್ಕಳು. "ಎರಡು ಕೊಡಕ್ಕ ಏನಾಗ್ತೈತಜ್ಜಿ. ತಗೋ."

ಹೇಳುವಾಗಲೂ ಅವಳು ಲೆಕ್ಕ ಹಾಕಿಯೇ ಹೇಳಿದ್ದು. ಕೊಡಕ್ಕೆ ಹದಿನೈದು ಲೀಟರು. ನೂರು ಕೊಡ ತೆಗೆದರೂ ಮೂರೂವರೆ ಟನ್ನು ಉಳಿಯುತ್ತದೆ.

ಆದರೆ ಆ ಊರಿನಲ್ಲಿ ಟ್ಯಾಂಕರು ನಿಂತಿದೆ, ನೀರು ಕೊಡುತ್ತಿದ್ದಾರೆ ಎಂಬ ಸುದ್ದಿಗೆ ಕಾಲು ಬೇಕಿಲ್ಲ. ಮೂರನೇ ಓಟಕ್ಕೆ ಪಾಯಿಂಟ್ ಎರಡೂವರೆ ಬಂದಾಗ ಬೇಲಿಯ ಹತ್ತಿರ ಹತ್ತು ಹನ್ನೆರಡು ಹೆಂಗಸರಿದ್ದರು. ಎಂಜಿನ್ ಓಡುವಾಗ ಪಾಲಪ್ಪ ಅವರನ್ನು ಕೋಲಿನಿಂದ ಹಿಂದೆ ಸರಿಸುತ್ತಿದ್ದ, ನಿಂತ ಕೂಡಲೇ ಬಿಡುತ್ತಿದ್ದ. ನಾಲ್ಕನೆಯದಕ್ಕೆ ಪಾಯಿಂಟ್ ಒಂದೂವರೆ. ಮನೋಹರ್ ಕೆಳಗಿಳಿದು, ಬೆವರೊರೆಸಿಕೊಂಡು, ಅವಳ ಹೆಗಲಿನ ಹತ್ತಿರ ಗಾಳಿಯಲ್ಲೇ ಒಂದು ಸಲ ತಟ್ಟಿದ.

"ಇನ್ನೊಂದು ಓಟ. ಪುಸ್ತಕ ತಂದೀಯೇನು?"

"ಬ್ಯಾಗಿನ್ಯಾಗ ಐತ್ರಿ."

"ತಗದಿಡು. ಪೆನ್ನು ಚೊಲೊದು ಇರ್ಲಿ. ಎಷ್ಟು ಪುಟ?"

"ನೂರಾ ಹದಿನಾರ್ರಿ."

"ಅಯ್ಯೋ ಶಿವನ. ಕೈ ಬಿದ್ದು ಹೋಗ್ತೈತಿ."

ಅವನು ತಮಾಷೆ ಮಾಡಿದ್ದನ್ನು ಅವಳು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಶೆಡ್ಡಿನೊಳಗೆ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಟ್ಯಾಂಕರಿನ ಹಿಂಬದಿ ಅಲ್ಲಿಗೆ ಕಾಣುತ್ತಿರಲಿಲ್ಲ. ಒಂದು ಗೂಡ್ಸ್ ಆಟೊ ಬಂದು ನಿಂತ ಸದ್ದು ಅವಳಿಗೆ ಕೇಳಿಸಿತ್ತು. ಯಾರೋ ಡ್ರಮ್ಮು ಉರುಳಿಸುವ ಸದ್ದೂ ಕೇಳಿಸಿತ್ತು. ಅವಳು ಪುಸ್ತಕದ ಪುಟಗಳನ್ನು ಸರಿಯಾದ ತಾರೀಖಿನ ಪ್ರಕಾರ ಜೋಡಿಸುತ್ತಿದ್ದಳು.

ಎದ್ದು ಹೋಗಿ ನೋಡಬಹುದಿತ್ತು. ಹೋಗಲಿಲ್ಲ.

ಐದನೇ ಓಟಕ್ಕೆ ಮುಂಚೆ ಅವಳು ಪಟ್ಟಿ ಹಿಡಿದು ಸುತ್ತಿದಳು. ಹಗ್ಗ ಎಳೆದು ನೋಡಿದಳು, ಬಿಗಿಯಿತ್ತು. ಗಂಟು ಸರಿಯಿತ್ತು. ಗಾಲಿಯ ಅಡ್ಡ ಸರಿಯಿತ್ತು. ಗಾಳಿ ತುಸು ತಿರುಗಿ ಪಕ್ಕದಿಂದ ಬೀಸುತ್ತಿತ್ತು, ಆದರೆ ಜೋರಿರಲಿಲ್ಲ. ಎರಡು ನಿಮಿಷದ ಕೆಲಸ. ಸಹಿ ಹಾಕಿದಳು. ಟ್ಯಾಂಕರಿನ ಕೊಂಡಿ ಕಲ್ಲಿನ ಮೇಲೆ ಕೂತಿತ್ತು. ಅದು ಎಷ್ಟು ಭಾರದಿಂದ ಕೂತಿದೆ ಎಂದು ಕೇಳುವ ಸಾಲು ಪಟ್ಟಿಯಲ್ಲಿರಲಿಲ್ಲ.

ಎಂಜಿನ್ ಏರಿತು. ಹಿಂದಿನ ನಾಲ್ಕು ಸಲದ ಗರಗರ ಇರಲಿಲ್ಲ, ನುಣ್ಣಗಿನ ಒಂದೇ ಸದ್ದು. ದುರ್ಗಾಳಿಗೆ ಅಂಕಿ ನೋಡದೆಯೇ ಗೊತ್ತಾಯಿತು, ಆಗಿದೆ. ಒಳಗೆ ಮನೋಹರ್ ಯಂತ್ರದ ಕಡೆ ಬಾಗಿದ. ಬಾಗುವಾಗ ಕೋಲು ಸ್ವಲ್ಪ ಮುಂದೆ ಹೋಗಿರಬೇಕು. ಬಾಲ ಗೇಣಷ್ಟು ಎದ್ದಿತು. ಹಗ್ಗ ತಡೆಯುತ್ತದೆಂದು ಅವಳು ಹಗ್ಗದ ಕಡೆ ನೋಡಿದಳು. ಹಗ್ಗ ಬಿಗಿಯಾಗಿಯೇ ಇತ್ತು. ಅದರ ಜೊತೆ ಟ್ಯಾಂಕರಿನ ಕೊಂಡಿಯೂ ಕಲ್ಲು ಬಿಟ್ಟು ಮೇಲೇಳುತ್ತಿತ್ತು.

ಹಿಂದೆ ಭಾರವಾದ ಬಂಡಿ ನೊಗದ ಕಡೆಯ ಮೂಕಿ ಎತ್ತುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಉಳಿದ ನೀರೆಲ್ಲ ನಲ್ಲಿಯ ಕಡೆ ಸರಿದು ನಿಂತಿತ್ತು. ಒಂದು ಟನ್ನೋ ಒಂದೂವರೆ ಟನ್ನೋ ಇನ್ನೂ ಒಳಗಿತ್ತು, ಆದರೆ ಅದೆಲ್ಲ ಗಾಲಿಯಿಂದ ಹಿಂದೆ. ಕೊಂಡಿಯನ್ನು ಒಂದು ಕೂಸು ಎತ್ತಬಹುದಿತ್ತು. ಅವಳು ಲೆಕ್ಕ ಹಾಕಿದ್ದು ನೀರು ಎಷ್ಟಿದೆ ಎಂದು, ಎಲ್ಲಿದೆ ಎಂದಲ್ಲ.

ಎರಡೂ ಕೈ ತಲೆಯ ಮೇಲೆ ಅಡ್ಡಡ್ಡ ಬೀಸಿದಳು. ಕೂಗಿದಳು. ಮನೋಹರ್ ಅಂಕಿ ನೋಡುತ್ತಿದ್ದ.

ಪ್ರೊಪೆಲ್ಲರ್ ನೆಲ ಹೊಡೆದ ಸದ್ದು ಒಂದೇ ಸಲಕ್ಕೆ ಮುಗಿಯಿತು. ಆಮೇಲೆ ದೂಳು, ಸುಟ್ಟ ಎಣ್ಣೆಯ ವಾಸನೆ, ಬೇಲಿಯ ಹತ್ತಿರ ಹೆಂಗಸರ ಚೀರಾಟ. ವಿಮಾನ ಮೂತಿ ಊರಿ ಬಾಲ ಮೇಲೆತ್ತಿ ನಿಂತಿತ್ತು. ಪ್ರೊಪೆಲ್ಲರಿನ ಎರಡೂ ಎಲೆ ಬಾಡಿದ ಬಾಳೆಯೆಲೆಯ ಹಾಗೆ ಮಡಚಿಕೊಂಡಿದ್ದವು. ಮನೋಹರನ ಹುಬ್ಬಿನ ಮೇಲೆ ಹರಿದು ರಕ್ತ ಸುರಿಯುತ್ತಿತ್ತು. ಅವನನ್ನು ಕೆಳಗಿಳಿಸುವಾಗ ಅವನು ಮೊದಲು ಹೇಳಿದ ಮಾತು: "ಪಾಯಿಂಟ್ ಸೊನ್ನಿ ಆರು ಬಂದಿತ್ತು ಲೇ."

ಸಂಜೆಯ ಹೊತ್ತಿಗೆ ಶೆಡ್ಡಿನಲ್ಲಿ ಮೂವರೇ ಉಳಿದರು. ಕೊಟ್ರಯ್ಯ ಎರಡು ಸಲ ಫೋನು ಮಾಡಿ ಬೈದು ಇಟ್ಟಿದ್ದ. ಮನೋಹರ್ ತಲೆಗೆ ಪಟ್ಟಿ ಕಟ್ಟಿಕೊಂಡು, ಬಿಳಿ ಹಾಳೆ ಮೇಜಿನ ಮೇಲಿಟ್ಟ.

"ವರದಿ ಬರಿ. ಕಟ್ಟಿದ್ದು ಎಲ್ಲಾ ಬರೋಬ್ಬರಿ ಇತ್ತು. ಊಟಕ್ಕ ಹೋದಾಗ ಕಾವಲುಗಾರ ಯಾರಿಗೂ ಹೇಳಲಾರದ ನೀರು ಬಿಟ್ಟಾನ. ಅಷ್ಟಽ."

"ನೀರು ತಗೋ ಅಂದಾಕಿ ನಾನ್ರಿ ಸರ."

"ಎರಡು ಕೊಡ ಅಂದಿ. ಡ್ರಮ್ಮು ತುಂಬು ಅಂದೇನು?"

"ಕಡೀ ಸಲ ಟ್ಯಾಂಕರ್ ನೋಡಲಾರದ ಸೈನ್ ಹಾಕಿದಾಕೀನೂ ನಾನಽ."

ಮನೋಹರ್ ಕಣ್ಣು ಮುಚ್ಚಿಕೊಂಡ. ಅವನು ಕೆಟ್ಟವನೇನಲ್ಲ. ದಣಿದಿದ್ದ. "ದುರ್ಗಾ, ಕೇಳು. ಕಟ್ಟಾಕ ಬರಲಾರದಾಕಿ ಅಂತ ನೀನಽ ಬರದು ಕೊಟ್ರ, ಅದರ ಮ್ಯಾಲೆ ನೂರಾ ಹದಿನಾರು ಪುಟಕ್ಕ ಈಕಿಗೆ ಕೆಲಸ ಬರ್ತೈತಿ ಅಂತ ನಾ ಹೆಂಗ ಸೈನ್ ಹಾಕ್ಲಿ? ನನ್ನ ಲೈಸೆನ್ಸ್ ಹೋಗ್ತೈತಿ. ಅವನ ಹೆಸರು ಬರಿ, ಪುಸ್ತಕ ಈಗಽ ಕೊಡು."

ಪಾಲಪ್ಪ ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ. "ಬರಿಯವ್ವಾ" ಎಂದ. "ನಂದೇನು ಪುಸ್ತಕ ಐತೇನು? ಬಿಟ್ಟಾಂವ ನಾನಽ ಅಲ್ಲೇನು? ಡ್ರಮ್ಮಿನವ ನನ್ನ ಬೀಗ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

"ನಿನಗ ಟ್ಯಾಂಕರ್ ಖಾಲಿ ಆದ್ರ ಏನಾಗ್ತೈತಿ ಅಂತ ಯಾರರ ಹೇಳಿದ್ರೇನಜ್ಜಾ?"

"ಯಾರು ಹೇಳ್ತಾರ. ಕಪ್ಪಿ ಕಟ್ಟೀವಿ ಅಂತ ಅಷ್ಟಽ ಗೊತ್ತು."

ಹೇಳಬೇಕಾಗಿದ್ದವಳು ಅವಳೇ. ದುರ್ಗಾ ಹಾಳೆ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಕೊಂಡಿಯ ಕೆಳಗಿನ ಕಲ್ಲು, ಎರಡು ಕೊಡ, ತಾನು ಕೇಳಿಸಿಕೊಂಡ ಡ್ರಮ್ಮಿನ ಸದ್ದು, ಪಟ್ಟಿಯಲ್ಲಿಲ್ಲದ ಸಾಲು. ಬರೆಯುವಾಗ ಅವಳಿಗೆ ಹೆಮ್ಮೆಯೇನೂ ಆಗಲಿಲ್ಲ. ಮನೋಹರ್ ಓದಿದ. ಪಟ್ಟಿಯ ರಟ್ಟನ್ನೂ ಸೇರಿಸಿ ಮಡಚಿ ಜೇಬಿಗಿಟ್ಟುಕೊಂಡ. ಬೆಳಿಗ್ಗೆ ತಲೆಯಾಡಿಸಿದವನು ಈಗ ಆಡಿಸಲಿಲ್ಲ.

"ಹುಚ್ಚಿ" ಎಂದ ಅಷ್ಟೆ.

ಮಂಗಳವಾರ ಅವಳು ತನ್ನ ಪಾನಾ, ಸ್ಕ್ರೂಡ್ರೈವರುಗಳನ್ನು ತರಲು ಹೋದಳು. ಶೆಡ್ಡಿಗೆ ಬೇರೆ ಬೀಗ ಬಿದ್ದಿತ್ತು. ಬಾಗಿಲಲ್ಲಿ ಗುರುತಿಲ್ಲದ ಒಬ್ಬ ಕಾವಲುಗಾರ ಕೂತಿದ್ದ. ಸಾಮಾನು ಕೊಡಲು ಮಾಲೀಕರ ಅಪ್ಪಣೆಯಿಲ್ಲ ಎಂದ. ಅವಳು ಪಾಲಪ್ಪನ ಮನೆಗೆ ಹೋದಳು. ಜಂಬವ್ವ ಹೊರಗೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕುಂದ್ರು ಅನ್ನಲಿಲ್ಲ.

"ಅಜ್ಜ ಎಲ್ಲದಾನ?"

"ಕೂಲಿ ಹುಡುಕ್ಕೊಂಡು ಹೋಗ್ಯಾನ. ಭಾನುವಾರನಽ ಬಿಡಿಸಿದ್ರು."

"ಯಾಕ? ನಾ ಎಲ್ಲಾ ನಂದಽ ತಪ್ಪು ಅಂತ ಬರದು ಕೊಟ್ಟೀನಲ್ಲ."

"ಸಾವ್ಕಾರ್ರು ಓದಿದ್ರಽ ಅಲ್ಲೇನು. ನಾಯಿ ಬೊಗಳಿದ್ರೂ ತಪ್ಪು, ಬೊಗಳಲಿಲ್ಲಂದ್ರೂ ತಪ್ಪು. ಮೊದಲು ಹೊರಗ ಹಾಕೂದು ಕಾವಲಾದವನ್ನಽ." ಜಂಬವ್ವ ಒಂದು ಮುಷ್ಟಿ ತೊಟ್ಟು ಪಕ್ಕಕ್ಕೆಸೆದಳು. "ಅವ ನಿನಗ ಅಷ್ಟು ಹೇಳಿದ, ನನ್ನ ಹೆಸರು ಬರಿ ಅಂತ. ಹಂಗ ಬರದು ಕೊಟ್ಟಿದ್ರ ನಿಂದರ ಉಳೀತಿತ್ತು. ನೀ ಖರೆ ಹೇಳಿ ಯಾರನ್ನ ಉಳಿಸಿದಿ?"

ದುರ್ಗಾ ಬಸ್ಸಿನ ದಾರಿ ಹಿಡಿದಳು.

ಸಂಡೂರಿನ ಬಸ್ಸಿಗೆ ಕಾಯುತ್ತ ಅವಳು ಒಂದು ತಾಸು ನಿಂತಳು. ನಿಂತಷ್ಟು ಹೊತ್ತೂ ಒಂದೇ ವಿಚಾರ ತಲೆಯಲ್ಲಿ ಸುತ್ತಿತು. ಪಾಲಪ್ಪನ ಕೆಲಸ ಹೋಗಿಯೇ ಹೋಗಿದೆ. ಇನ್ನು ಅವನ ಹೆಸರು ಬರೆದರೆ ಅವನಿಗೆ ಹೋಗುವಂಥದ್ದು ಏನೂ ಉಳಿದಿಲ್ಲ. ಈ ಮಾತು ಹೊಲಸೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಫೋನು ತೆಗೆದಳು.

ಮನೋಹರ್ ಮೂರನೇ ಸಲಕ್ಕೆ ಎತ್ತಿದ.

"ಸರ, ಆ ವರದಿ... ಬ್ಯಾರೆ ಬರದು ಕೊಡ್ತೀನ್ರಿ. ನೀವು ಹೇಳಿದಂಗ."

ಆ ಕಡೆಯಿಂದ ಯಾವುದೋ ಸ್ಟೇಷನ್ನಿನಲ್ಲಿ ರೈಲಿನ ಹೆಸರು ಕೂಗುವುದು ಕೇಳಿಸಿತು.

"ವಿಮಾನ ಇಲಾಖೆಗೆ ಕಳಿಸಿಬಿಟ್ಟೀನಿ ದುರ್ಗಾ. ನಿನ್ನೇನಽ ಹೋತು. ನಿನ್ನ ಅಕ್ಷರ ಚೊಲೊ ಇತ್ತು, ತಿದ್ದಾಕ ಬರೂವಂಥಾದ್ದು ಏನೂ ಇರಲಿಲ್ಲ."

"ಹಂಗಾರ ಪುಸ್ತಕ?"

"ಇನ್ನ ನನ್ನ ಸೈನ್ ಹಾಕಿದ್ರೂ ಯಾರೂ ತಗೊಳ್ಳಂಗಿಲ್ಲ. ನನ್ನನ್ನೂ ವಿಚಾರಣೆಗೆ ಕರದಾರ." ಅವನು ಕೆಮ್ಮಿದ. "ಊಟ ಆತೇನು?"

"ಆತ್ರಿ ಸರ" ಎಂದಳು ದುರ್ಗಾ. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ.